ಬಾಗಿನದ ಮೊರದಲ್ಲಿ ಹೋದ ಗಿಡ

ಯಲಹಂಕದ ಬಳಿ, ಕೋಗಿಲು ಊರಿನ ಆಚೆಯ ಕೆರೆಗೆ ಸೂರ್ಯ ಮುಖ ತೊಳೆಯಲು ಬರುವ ಮೊದಲೇ ಸೊಣ್ಣಮ್ಮ ಸೊಂಟಮಟ್ಟ ನೀರಿಗೆ ಇಳಿದಿರುತ್ತಾರೆ. ಸೀರೆಯನ್ನು ಕಚ್ಚೆ ಬಿಗಿದು, ದೋಟಿಯ ಕೊಕ್ಕೆಯನ್ನು ನೀರ ಮೇಲೆ ಹಾಸಿಕೊಂಡ ಅಂತರಗಂಗೆಗೆ ಸಿಕ್ಕಿಸಿ ಎಳೆದರೆಂದರೆ ಅರ್ಧ ಕೆರೆಯೇ ದಡಕ್ಕೆ ಬರುತ್ತದೆ. ಇನ್ನರ್ಧ ಹೆದರಿ ತಾನೇ ನಡೆದು ಬರುತ್ತದೆ. ದಿನಕ್ಕೊಂದು ಆನೆಯ ತೂಕ ಎತ್ತುತ್ತೀರಂತೆ ಎಂದು ಯಾರಾದರೂ ಹೊಗಳಿದರೆ ತಲೆ ತಗ್ಗಿಸುತ್ತಾರೆ.

"ಆನೆ ಎಲ್ಲಿಂದ ಬಂತು ಸಾಮಿ? ಒಂದ್ ಗಾಡಿ ಆಯ್ತದೆ. ಮಳೆ ಇಡ್ಕಂಡ್ರೆ ಅದೂ ಇಲ್ಲ."

ಎಳೆದ ಗಿಡವನ್ನು ಹಾಗೇ ಬಿಸಾಡುವುದಿಲ್ಲ. ಬೇರಿನ ಜಡೆಯನ್ನು ಮಂಕರಿ ಬುಟ್ಟಿಯ ಮೇಲೆ ಕೊಡವಿ, ಒಳಗೆ ಅಡಗಿದ ಮೀನುಮರಿಗಳನ್ನು ವಾಪಸು ನೀರಿಗೆ ಬಿಡುತ್ತಾರೆ. ಆಮೇಲೆ ಗಿಡವನ್ನು ಏರಿಯಾಚೆ ಹೊತ್ತು ಒಣಹಾಕುತ್ತಾರೆ. ಒಂದು ಕುಡಿ ಜಾರಿ ನೀರಿಗೆ ಬಿದ್ದರೂ ಸಾಕು, ಕಣ್ಣು ಮಿಟುಕಿಸುವುದರೊಳಗೆ ಮೊಮ್ಮಕ್ಕಳನ್ನು ಕಾಣುವ ಜಾತಿ ಅದು.

ಊರಿನವರು ಈ ಕಳೆಗೆ ಇಟ್ಟಿರುವ ಹೆಸರು 'ಸೊಣ್ಣಮ್ಮನ ಹೂ'. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಸೊಣ್ಣಮ್ಮನಿಗೆ ಕೆರೆಯ ತಳಕ್ಕೆ ಇಳಿದುಬಿಡೋಣ ಅನ್ನಿಸುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ಅವರು ಆರ್.ಟಿ. ನಗರದ ಮನೆಗಳಿಗೆ ಸೊಪ್ಪು ಹೊತ್ತು ಮಾರುತ್ತಿದ್ದರು. ಅಲ್ಲಿ ಕೌಸಲ್ಯಾ ಎಂಬ ಗೃಹಿಣಿಯ ಅಂಗಳದ ತೊಟ್ಟಿಯಲ್ಲಿ ನೇರಳೆ ಹೂವಿನ ಗಿಡವೊಂದು ತೇಲುತ್ತಿತ್ತು. ನವಿಲು ತನ್ನ ಗರಿ ಅಡವಿಟ್ಟಾದರೂ ಕೊಳ್ಳಬೇಕು, ಅಂಥ ಹೂ. ಆಸೆಪಟ್ಟು ಕೇಳಿದ್ದಕ್ಕೆ ಆಕೆ ಒಂದು ಗಿಡ ಕೊಟ್ಟರು. ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದಾಗ ಗಂಗಮ್ಮನಿಗೆ ಬಾಗಿನ ಬಿಡುವ ಸರದಿ ಸೊಣ್ಣಮ್ಮನ ಮನೆಯದು. ಅರಿಶಿನ, ಕುಂಕುಮ, ಬಳೆಯ ಜೊತೆಗೆ ಆ ಗಿಡವನ್ನೂ ಮೊರದಲ್ಲಿಟ್ಟು ತೇಲಿಬಿಟ್ಟರು. ಇಂಥ ಹೂವನ್ನು ಸುತ್ತೇಳು ಊರಿನ ಯಾವ ಗಂಗಮ್ಮನೂ ಮುಡಿದಿಲ್ಲ ಎಂದು ವರ್ಷವಿಡೀ ಬೀಗಿದರು.

ಮೊರ ಕೋಡಿಯ ಪಾಲಾಯಿತು. ಗಿಡ ಮಾತ್ರ ಜೊಂಡಿಗೆ ಸಿಕ್ಕಿ ಉಳಿಯಿತು. ಕೆಲವೇ ಮಳೆಗಾಲದಲ್ಲಿ ಅದು ನೀರು ಕಾಣದಂತೆ ಹಬ್ಬಿತು; ಕೆರೆಯ ಮೇಲೆ ಚಪ್ಪರ ಹಾಕಿ, ಪಂಕ್ತಿ ಕೂರಿಸಿ, ಯಲಹಂಕಕ್ಕೆಲ್ಲ ಮದುವೆ ಊಟ ಬಡಿಸಬಹುದಿತ್ತು. ಮೀನು ಉಸಿರುಗಟ್ಟಿ ತೇಲಿದವು. ಕೊಕ್ಕರೆಗಳು ಚಿಕ್ಕಜಾಲದ ಕೆರೆಯ ದಾರಿ ಹಿಡಿದವು. ಬೇರು ಸುತ್ತಿಕೊಂಡು ತೂಬು ಕಟ್ಟಿಕೊಂಡಿತು, ಗದ್ದೆಗಳು ಬಾಯಿ ಬಿಟ್ಟವು. ತೂಬು ಕಾಯುವ ನೀರುಗಂಟಿ ಪಿಳ್ಳಪ್ಪ ಎದುರಾದಾಗಲೆಲ್ಲ, "ಅಕ್ಕಾ, ನಿನ್ ಊವಿಗೆ ನೀರ್ ಸಾಲ್ತಾ ಐತಾ?" ಎಂದು ಕೇಳುತ್ತಿದ್ದರು. ಸೊಣ್ಣಮ್ಮ ಏರಿಯ ದಾರಿಯನ್ನೇ ಬಿಟ್ಟು ಬದುವಿನ ಮೇಲೆ ಸುತ್ತಿ ಮನೆ ಸೇರುತ್ತಿದ್ದರು.

ಆ ಕೆರೆಯ ಮೀನು ಮಾರಿಯೇ ಬದುಕುತ್ತಿದ್ದ ಸಬೀರಾ ಒಂದು ಸಂಜೆ ಖಾಲಿ ಬಲೆಯನ್ನು ತಂದು ಸೊಣ್ಣಮ್ಮನ ಮನೆಯ ಬೇಲಿಗೆ ನೇತುಹಾಕಿ ಹೋದರು. ಮಾರನೆಯ ಬೆಳಗ್ಗೆ ಸೊಣ್ಣಮ್ಮ ದೋಟಿ ಹಿಡಿದರು.

ಹಿಡಿದ ದೋಟಿ ಇನ್ನೂ ಬಿಟ್ಟಿಲ್ಲ. ಕಾಲಬೆರಳ ಸಂದಿ ಕೊಳೆತಿದೆ, ಬೆನ್ನು ಕೊಕ್ಕೆಯಂತೆ ಬಾಗಿದೆ. ಈಗ ತೂಬಿನ ಮೂಲೆಯೊಂದು ಬಿಟ್ಟರೆ ಕೆರೆ ಮತ್ತೆ ಆಕಾಶ ನೋಡುತ್ತಿದೆ. ಬೇಲಿಯ ಮೇಲಿದ್ದ ಬಲೆಯನ್ನು ಸಬೀರಾ ಹೋದ ಬೇಸಿಗೆಯಲ್ಲಿ ಬಿಡಿಸಿಕೊಂಡು ಹೋದರು.

ಈ ಸಲದ ಮಳೆಗೆ ಕೋಡಿ ಬೀಳುವ ಹಾಗಿದೆ. ಬಾಗಿನ ಸೊಣ್ಣಮ್ಮನೇ ಬಿಡಬೇಕೆಂದು ಊರು ತೀರ್ಮಾನಿಸಿದೆ. ಹೇಳಲು ಬಂದವರು ಪಿಳ್ಳಪ್ಪನೇ. ಸೊಣ್ಣಮ್ಮ ನೀರಿನಿಂದ ಮೇಲೆ ಬರಲಿಲ್ಲ, ಬೆನ್ನು ತಿರುಗಿಸಿಕೊಂಡೇ ನಿಂತರು.

"ಯಾವ್ ಮಖ ಒತ್ಕಂಡು ಆ ಗಂಗಮ್ಮನ್ ಮುಂದೆ ನಿಂತ್ಕಳ್ಲಪ್ಪ?"

ಏಳೂರಿಗೆ ಸಾಲುವಷ್ಟು ಕುಹಕ ಬಾಯಲ್ಲಿಟ್ಟುಕೊಂಡ ಪಿಳ್ಳಪ್ಪ ಅವತ್ತು, ಹಾಗಾದರೆ ಏನು ಬೇಕು ನಿನಗೆ ಎಂದಷ್ಟೇ ಕೇಳಿದರು. ಸೊಣ್ಣಮ್ಮ ಕೈಯಲ್ಲಿದ್ದ ಬೇರಿನಿಂದ ಮೀನುಮರಿಯೊಂದನ್ನು ಬಿಡಿಸಿ ನೀರಿಗೆ ಬಿಟ್ಟರು.

"ಮೊರ ಯಾರಾನಾ ಬಿಡ್ಲಿ. ಬಿಡಾಕ್ ಮುಂಚೆ ಒಂದ್ ಕಿತ ನನ್ ಕೈಗ್ ಕೊಡಿ. ಒಳಗೇನೇನ್ ಐತೆ ಅಂತ ನೋಡಿ ಕೊಡ್ತೀನಿ."