ಕಂಡೆನ್ಸರಿನ ಮೇಲಿನ ಇಸವಿ

ಜಾವಾದ ಕುತೊಅರ್ಜೊ ಹತ್ತಿರದ ನಮ್ಮೂರಿನಲ್ಲಿ ಹಳೆಯ ವಾಲ್ವ್ ಟ್ರಾನ್ಸ್‌ಮಿಟರುಗಳನ್ನು ಗುರುತಿಸುವುದರಲ್ಲಿ ಪೊನಿಜಾನ್ ಎತ್ತಿದ ಕೈ. ರೇಡಿಯೊ ಸ್ಟೇಷನ್ನುಗಳೆಲ್ಲ ಎಫ್‌ಎಂಗೆ ಹೋದ ಮೇಲೆ ಆ ಪೆಟ್ಟಿಗೆಗಳು ಗುಜರಿಗೆ ಬೀಳುತ್ತಿದ್ದವು. ಪೊನಿಜಾನ್ ಅವುಗಳ ಸುರುಳಿಗಳನ್ನು ಹೊಸದಾಗಿ ಸುತ್ತಿ, ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ತರಂಗಕ್ಕೆ ಹೊಂದಿಸಿ ಕೊಡುತ್ತಿದ್ದ. ಹೆಚ್ಚಿನವು ಕೈಯಲ್ಲೇ ಕಟ್ಟಿದವು, ಕಂಪನಿಯ ಹೆಸರಿಲ್ಲ. ಬೆಸುಗೆ ಹಾಕಿದ, ತಂತಿ ಬಗ್ಗಿಸಿದ ರೀತಿ ನೋಡಿಯೇ ಯಾರ ಕೆಲಸವೆಂದು ಹೇಳುತ್ತಿದ್ದ.

ಒಮ್ಮೆ ಗುಜರಿಯ ತುಗಿಮನ್ ಹದಿನೈದು ಕಿಲೋಮೀಟರು ದೂರದ ಪಟ್ಟಣದಿಂದ ಆಳೆತ್ತರದ ಪೆಟ್ಟಿಗೆಯೊಂದನ್ನು ತಂದ. ಹಿಂಬಾಗಿಲು ತೆಗೆದ ಪೊನಿಜಾನ್ ಒಳಗಿನ ಗಂಟುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದ.

“ಏನ್ ಮಾವ, ಕಬ್ಬಿಣದ ನಾಡಿ ಹಿಡಿದು ನೋಡ್ತಿದೀಯಾ? ಅದು ಸತ್ತು ಎಷ್ಟೋ ವರ್ಷ ಆಯ್ತು,” ಎಂದ ತುಗಿಮನ್.

ಒಳಗಿನ ತಂತಿಗಳನ್ನು ಮೇಣ ಸವರಿದ ಗಾಳದ ದಾರದಿಂದ ಕಂತೆಯಾಗಿ ಕಟ್ಟಲಾಗಿತ್ತು. ಪ್ರತಿ ಗಂಟಿನ ಮೇಲೂ ಎಡಕ್ಕೆ ತಿರುಗಿಸಿದ ಇನ್ನೊಂದು ಸುತ್ತು. ಹಾಗೆ ಕಟ್ಟುತ್ತಿದ್ದವನು ಒಬ್ಬನೇ, ಪೊನಿಜಾನನ ಅಣ್ಣ ಸಕಿಮಿನ್. ಕಮ್ಯುನಿಸ್ಟರನ್ನು ಸೈನ್ಯ ಹಿಡಿದು ಕೊಲ್ಲುತ್ತಿದ್ದ ಅರವತ್ತೈದರ ನವೆಂಬರಿನಲ್ಲಿ, ಅವರ ಸಭೆಯ ಧ್ವನಿವರ್ಧಕ ರಿಪೇರಿ ಮಾಡಿದನೆಂದು ಅವನನ್ನೂ ಲಾರಿ ಹತ್ತಿಸಿಕೊಂಡು ಹೋಗಿದ್ದರು. ಹೆಣ ಸಿಗಲಿಲ್ಲ. ಲಾರಿ ಬಂದ ದಿನವನ್ನೇ ಸಾವಿನ ದಿನವೆಂದು ಹಿಡಿದು ಮನೆಯವರು ನಲವತ್ತನೆಯ ದಿನದ ಪ್ರಾರ್ಥನೆ ಮಾಡಿಸಿದರು, ಅರವತ್ತೆಂಟರಲ್ಲಿ ಸಾವಿರದ ದಿನದ್ದನ್ನೂ ಮುಗಿಸಿ ಅನ್ನ ಹಂಚಿದರು. ಸಾವಿರ ದಿನ ಕಳೆದ ಮೇಲೆ ಸತ್ತವರನ್ನು ಬಿಟ್ಟುಕೊಡಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಯಾರೂ ಮತ್ತೆ ಹುಡುಕಲಿಲ್ಲ. ಅವನ ಹೆಂಡತಿ ವಗಿಯೆಮ್ ಮರುವರ್ಷ ಬೇರೆ ಮದುವೆಯಾದಳು.

ಪೆಟ್ಟಿಗೆ ಅರವತ್ತೈದಕ್ಕೆ ಮುಂಚಿನದೇ ಇರಬೇಕೆಂದುಕೊಂಡು ಪೊನಿಜಾನ್ ದೊಡ್ಡ ಕಂಡೆನ್ಸರಿನ ಬುಡಕ್ಕೆ ದೀಪ ಹಿಡಿದ. ಕಾರ್ಖಾನೆಯ ಮುದ್ರೆ ಮಾರ್ಚ್ 1970 ಎಂದಿತ್ತು. ಆಮೇಲೆ ಯಾರೋ ಬದಲಿಸಿರಬಹುದು ಎಂದು ಅದರ ತಂತಿಯ ಜಾಡನ್ನು ಬೆರಳಲ್ಲಿ ಹಿಡಿದು ಹೋದ. ತಂತಿ ಅಣ್ಣನ ಕಟ್ಟಿನ ನಟ್ಟನಡುವೆ ಹಾಯ್ದಿತ್ತು. ದಾರ ಎಲ್ಲೂ ತುಂಡಾಗಿರಲಿಲ್ಲ. ಅಂದರೆ ಸಾವಿರದ ದಿನದ ಅನ್ನ ಹಂಚುವಾಗ ಅಣ್ಣ ಬದುಕಿದ್ದ.

ಪಟ್ಟಣಕ್ಕೆ ಹೋಗಿ ವಿಚಾರಿಸಿದ. ಪೆಟ್ಟಿಗೆ ಇದ್ದ ರೇಡಿಯೊ ಸ್ಟೇಷನ್ನಿನ ಯಜಮಾನ ತೀರಿಹೋಗಿದ್ದ. ಜೈಲಿನ ಕಾವಲಿನವರು ಬೆಳಿಗ್ಗೆ ಒಬ್ಬ ಕೈದಿಯನ್ನು ಕೆಲಸಕ್ಕೆ ಕರೆತಂದು ಸಂಜೆ ಕರೆದೊಯ್ಯುತ್ತಿದ್ದರು, ಒಂದು ದಿನದಿಂದ ಕರೆತರಲಿಲ್ಲ. ಯಜಮಾನನ ಮಗನಿಗೆ ಗೊತ್ತಿದ್ದದ್ದು ಇಷ್ಟೇ.

ಪೆಟ್ಟಿಗೆಗೆ ಹೇಳಿಟ್ಟಿದ್ದ ಗಿರಾಕಿ ಎರಡು ಸಲ ಬಂದು ಹೋದ. ಸುರುಳಿ ಬದಲಿಸಲು ಆ ಕಟ್ಟು ಕತ್ತರಿಸಬೇಕಿತ್ತು, ಪೊನಿಜಾನನಿಗೆ ಕೈ ಬರಲಿಲ್ಲ. ವಗಿಯೆಮಳಿಗೆ ಹೇಳುವುದೋ ಬೇಡವೋ ಎಂದು ಒಂದು ತಿಂಗಳು ಒದ್ದಾಡಿ ಕೊನೆಗೆ ಹೋದ. ಅವಳು ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದಳು. ಎಲ್ಲ ಕೇಳಿದ ಮೇಲೂ ಅವಳ ಚಾಕು ನಿಲ್ಲಲಿಲ್ಲ.

“ಆ ಊರಿನ ಸಂತೆಗೆ ಹೋಗ್ತಿದ್ದೆ ಕಣೋ,” ಎಂದಳು. “ಆ ಸ್ಟೇಷನ್ ಮುಂದೇನೇ ಬಸ್ಸಿಗೆ ಕಾಯ್ತಿದ್ದೆ.”

ಇನ್ನೊಂದು ಗೆಣಸು ಎತ್ತಿಕೊಂಡಳು.

“ಹಾಗಾದ್ರೆ ನಾವು ಮಾಡಿದ್ದೆಲ್ಲ ಬದುಕಿದ್ದವನಿಗೆ. ಸತ್ತ ಮೇಲೆ ಏನೂ ಮಾಡ್ಲಿಲ್ಲ. ಈಗ ಮಾಡ್ಬೇಕಲ್ಲ, ಯಾವ ದಿನದಿಂದ ಲೆಕ್ಕ ಹಿಡೀಲಿ?”

“ಗೊತ್ತಿಲ್ಲ ಅತ್ತಿಗೆ.”

“ನಿಂಗೆ ಇಸವಿ ನೋಡೋಕೆ ಬರುತ್ತಲ್ಲ.”

“ಅದು ಸಾಮಾನಿಂದು ಅತ್ತಿಗೆ.”

ಅವಳು ಸುಲಿದ ಗೆಣಸನ್ನು ನೀರಿಗೆ ಹಾಕಿ, ಕೈ ಒರೆಸಿಕೊಂಡು ಗೇಟಿನ ಕಡೆ ನೋಡಿದಳು.

“ನಮ್ಮನೆಯವರು ಮಸೀದಿಯಿಂದ ಬರೋ ಹೊತ್ತಾಯ್ತು,” ಎಂದಳು. “ನೀನು ಹೊರಡು.”