ದುರುಗಕ್ಕನ ಮೊಣಕೈ

ಹರಿಯಬ್ಬೆಯಲ್ಲಿ ದುರುಗಕ್ಕನ ಕೈ ಎಂದರೆ ಎಲ್ಲರಿಗೂ ಗೊತ್ತು. ಬಿದಿರು ಸೀಳಿ ಸೀಳಿ ಅಂಗೈ, ಬೆರಳು ಎಲ್ಲ ಜಡ್ಡುಗಟ್ಟಿ ಹಳೇ ಚಪ್ಪಲಿಯ ಅಟ್ಟೆಯಂತಾಗಿವೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾಳೆ. ಉರುಳಿಬಿದ್ದ ಕೆಂಡವನ್ನು ಬೆರಳಲ್ಲೇ ಎತ್ತಿ ಒಲೆಗೆ ಹಾಕುತ್ತಾಳೆ. ಆ ಕೈ ಹೆಣೆದ ಮೊರ, ಮಂಕರಿಗಳು ಧರ್ಮಪುರದ ಸಂತೆಯಲ್ಲಿ ಮಧ್ಯಾಹ್ನದೊಳಗೆ ಖಾಲಿ. ಗಂಡ ಹೋದ ಮೇಲೆ ಆ ಕೈಯಲ್ಲೇ ಮಗನನ್ನು ಬೆಳೆಸಿ ಮದುವೆ ಮಾಡಿದಳು, ಮನೆ ಹಿಂದೆ ಹಂದಿ ಸಾಕಿದಳು. ಇಷ್ಟೆಲ್ಲ ಬಲ್ಲ ಕೈಗೆ ಬಾರದ ಕೆಲಸ ಒಂದೇ. ಅವಳು ಹೆಪ್ಪು ಹಾಕಿದ ಹಾಲು ಎಂದೂ ಗಟ್ಟಿ ಮೊಸರಾದದ್ದಿಲ್ಲ. "ನಿನ್ನ ಕೈಗುಣಾನೇ ಇಷ್ಟು ಕಣೇ" ಎಂದು ಅತ್ತೆ ಬದುಕಿದ್ದಾಗಲೇ ಆ ಕೆಲಸ ತಪ್ಪಿಸಿದ್ದಳು. ಈಗ ಸೊಸೆ ಕಾವ್ಯಶ್ರೀ ಹೆಪ್ಪು ಹಾಕುತ್ತಾಳೆ.

ಹಂದಿಗಳಲ್ಲಿ ದುರುಗಕ್ಕನಿಗೆ ಜೀವವೆಂದರೆ ಡೊಳ್ಳಿ. ಹೆಸರು ಹಿಡಿದು ಕರೆದರೆ ಹೊಟ್ಟೆ ಕುಲುಕಿಸುತ್ತ ಓಡಿಬಂದು ಅವಳ ಸೀರೆಗೇ ಮೂತಿ ಒರೆಸುವ ಬೂದಿ ಬಣ್ಣದ ಹೆಣ್ಣು. ಆದರೆ ಎರಡು ಸೂಲಿನ ಮರಿಗಳೂ ಹಾಲು ಬಿಡಿಸಿದ ವಾರದಲ್ಲೇ ಭೇದಿ ಹತ್ತಿ, ಹಿಂಗಾಲು ಸೋತು, ಒಂದರ ಹಿಂದೊಂದು ಸತ್ತಿದ್ದವು. ಮೂರನೇ ಸೂಲಿನ ಮರಿಗಳಿಗೆ ಹಾಲು ಬಿಡಿಸುವ ಕಾಲ ಹತ್ತಿರ ಬಂದಾಗ ಹಂದಿಗಳ ಮಾರಾಟ ನೋಡಿಕೊಳ್ಳುವ ಮೈದುನ ಪಾಪಣ್ಣ ಖಡಾಖಂಡಿತ ಹೇಳಿಬಿಟ್ಟ.

"ಅತ್ಗೆ, ಈ ಸಲಾನೂ ಮರಿ ಉಳೀಲಿಲ್ಲ ಅಂದ್ರೆ ಡೊಳ್ಳೀನ ಕಟುಕನ ಗಾಡಿ ಹತ್ತಿಸೋದೇ. ಅದರ ಹಾಲೇ ಸರಿ ಇಲ್ಲ."

"ನಿನ್ನ ನಾಲಿಗೆ ಸರಿ ಇಲ್ಲ. ಹಾಲು ಕುಡಿಯೋಗಂಟ ಗುಂಡುಗುಂಡಗೇ ಇರ್ತಾವೆ, ಬಿಡ್ಸಿದ ಮೇಲೆ ತಾನೇ ಸಾಯೋದು? ಅದರದ್ದೇನಪ್ಪ ತಪ್ಪು?"

ಬಾಯಲ್ಲಿ ಹಾಗೆ ಅಂದರೂ ಸುಮ್ಮನೆ ಕೂರಲಿಲ್ಲ. ಮಾರನೇ ದಿನವೇ ಬಸ್ಸು ಹತ್ತಿ ದನದ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಯಶೋದಾ ಎಲ್ಲವನ್ನೂ ಕೇಳಿ ಒಂದು ಪುಡಿಯ ಪೊಟ್ಟಣ ಕೊಟ್ಟರು.

"ಕೆಟ್ಟ ಹುಳ ಮರಿ ಕರುಳಿಗೆ ಅಂಟ್ಕಂತಾವೆ, ಅದಕ್ಕೇ ಭೇದಿ. ಈ ಪುಡೀಲಿ ಒಳ್ಳೇ ಹುಳ ಅವೆ, ಮೊಸರಲ್ಲಿರ್ತಾವಲ್ಲ ಅದೇ ಜಾತಿ. ಗಂಜಿಗೆ ಬೆಲ್ಲ ಹಾಕಿ, ಉಗುರುಬೆಚ್ಚಗಾದ ಮೇಲೆ ಇದನ್ನ ಕಲಸಿ ಮುಚ್ಚಿಡ್ರಿ. ಅವು ಬೆಲ್ಲ ತಿಂದು ಲೋಳೆಯಂಥ ಒಂದು ಸಕ್ಕರೆ ಮಾಡ್ತಾವೆ. ಕೆಟ್ಟ ಹುಳ ಕರುಳು ಬಿಟ್ಟು ಆ ಲೋಳೆಗೆ ಅಂಟ್ಕಂಡು ಹೊರಗೆ ಹೋಗ್ತಾವೆ."

"ಹಲಸಿನಹಣ್ಣು ಬಿಡ್ಸೋವಾಗ ಕೈಗೆ ಎಣ್ಣೆ ಸವರ್ಕಂಡಂಗೆ?"

"ಹೂಂ, ಹಂಗೇ ಅನ್ಕಳ್ರಿ." ಡಾಕ್ಟರಮ್ಮನಿಗೆ ನಗು ಬಂತು. "ಬೆಳಿಗ್ಗೆ ಗಂಜಿ ಎತ್ತಿದ್ರೆ ಪಾಕದ ಥರ ಎಳೆ ಬರಬೇಕು. ಎಳೆ ಬಂದ್ರೆ ಹುಳ ಬದುಕೈತೆ ಅಂತ ತಿಳ್ಕಳ್ರಿ. ಆದ್ರೆ ಇದು ಭೇದಿ ಬರದಂಗೆ ತಡಿಯೋಕೆ. ಬಂದ್ರೆ ನನ್ನ ಕರೀರಿ."

ಡಾಕ್ಟರಮ್ಮ ಹೇಳಿದ ಹಾಗೇ ದುರುಗಕ್ಕ ಮಾಡಿದಳು. ಬೆಳಿಗ್ಗೆ ಎತ್ತಿದರೆ ಎಳೆಯೂ ಇಲ್ಲ, ಏನೂ ಇಲ್ಲ. ಗಂಜಿ ನೀರಿನಂತೆ ಸುರಿಯಿತು. ಮತ್ತೆ ಮಾಡಿದಳು, ಮತ್ತೆ ಹಾಗೇ. ಅಷ್ಟರಲ್ಲಿ ಮರಿಗಳಿಗೆ ಹಾಲು ಬಿಡಿಸಿಯಾಗಿತ್ತು, ಒಂದರ ಬಾಲದ ಬುಡ ಭೇದಿಯಿಂದ ಒದ್ದೆಯಾಗಿತ್ತು. ಪಾಪಣ್ಣ ಭಾನುವಾರಕ್ಕೆ ಗಾಡಿ ಹೇಳಿಯೇಬಿಟ್ಟ. ಡಾಕ್ಟರಮ್ಮ ಬಂದು ಆ ಮರಿಗೆ ಸೂಜಿ ಚುಚ್ಚಿ ಕೇಳಿದರು, "ಬಿಸೀಗೇನಾದ್ರೂ ಪುಡಿ ಹಾಕಿದ್ರಾ? ಬಿಸಿ ತಗುಲಿದ್ರೆ ಹುಳ ಸಾಯ್ತಾವೆ."

"ಇಲ್ರಮ್ಮ, ಬೆರಳು ಅದ್ದಿ ನೋಡೇ ಹಾಕಿದ್ದು."

ಡಾಕ್ಟರಮ್ಮನಿಗೂ ತಿಳಿಯದಾಯಿತು. ಹೊಸ ಪೊಟ್ಟಣ ಕೊಟ್ಟು ಹೋದರು.

ಸಂಜೆ ದುರುಗಕ್ಕ ಗಂಜಿಗೆ ಬೆರಳು ಅದ್ದಿ, ಆರಿದೆ ಎಂದು ಪೊಟ್ಟಣ ಬಿಚ್ಚುತ್ತಿದ್ದಳು. ಗಾಳಿಗೆ ಬೇವಿನೆಲೆಯೊಂದು ಪಾತ್ರೆಗೆ ಬಿತ್ತು. ಕಾವ್ಯಶ್ರೀ ತೆಗೆಯಲು ಕೈ ಹಾಕಿದವಳು ಕಿರುಚಿಕೊಂಡಳು.

"ಅಯ್ಯಯ್ಯೋ ಅತ್ತೆ, ಸುಡ್ತೈತಲ್ಲ!"

"ಎಲ್ಲೇ ಸುಡ್ತೈತೆ? ತಣ್ಣಗಾಗೈತೆ."

ಸೊಸೆ ಬೆರಳನ್ನು ಊದಿಕೊಳ್ಳುತ್ತಿದ್ದಳು, ತುದಿ ಕೆಂಪಗಾಗಿತ್ತು. ದುರುಗಕ್ಕ ಆ ಬೆರಳನ್ನು ನೋಡಿದಳು, ತನ್ನ ಬೆರಳನ್ನು ನೋಡಿದಳು. ಗಟ್ಟಿಯಾಗದ ಮೊಸರೆಲ್ಲ ನೆನಪಾಯಿತು.

"ಅಲ್ಲ ಕಣೇ ಕಾವ್ಯ, ಆವಾಗೆಲ್ಲ ನಾನು ಹೆಪ್ಪನ್ನ ಬೇಯಿಸ್ತಿದ್ನೇನೇ?"

ಬೇರೆಯವರಾದರೆ ಪುಡಿಯನ್ನು ಬೈದು ಸುಮ್ಮನಾಗುತ್ತಿದ್ದರೇನೋ. ದುರುಗಕ್ಕ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊಸೆಯೂ ನಕ್ಕಳು. ಮಗ ಹಸುಗೂಸಾಗಿದ್ದಾಗ ಸೂಲಗಿತ್ತಿ ಮೊಣಕೈ ಅದ್ದಿ ಎರೆಯುವ ನೀರಿನ ಹದ ನೋಡುತ್ತಿದ್ದುದು ಆಗ ಹೊಳೆಯಿತು. ಅವಳ ಕೈಯಲ್ಲಿ ಬಿದಿರು ತಿನ್ನದೆ ಬಿಟ್ಟ ಜಾಗ ಮೊಣಕೈ ಒಂದೇ. ಅದ್ದಿದಳು, ಚುರುಕ್ ಎಂದಿತು. ಕಾದು ಮತ್ತೆ ಅದ್ದಿದಳು. ಮೊಣಕೈ ಸುಮ್ಮನಿದ್ದಾಗ ಪುಡಿ ಕಲಸಿ, ಪಾತ್ರೆಗೆ ಗೋಣಿಚೀಲ ಸುತ್ತಿ ಇಟ್ಟಳು.

ಬೆಳಿಗ್ಗೆ ಸೌಟು ಎತ್ತಿದರೆ ಗಂಜಿ ಉದ್ದಕ್ಕೆ ಎಳೆ ಎಳೆಯಾಗಿ ಇಳಿಯಿತು. ಬೇಲಿಯಾಚೆಯಿಂದ ಪಾಪಣ್ಣ ಇಣುಕಿದ.

"ಥೂ, ಸಿಂಬಳ ಇದ್ದಂಗೈತೆ! ಕೆಟ್ಟೋಗೈತೆ ಅತ್ಗೆ, ಚೆಲ್ಲು."

"ನಿನಗೆ ಬಡಿಸಲ್ಲ ಬಿಡೋ ಮಾರಾಯ. ಉಣ್ಣೋರು ಬೇರೆ ಅವ್ರೆ."

ಮರಿಗಳು ತೊಟ್ಟಿಗೆ ಮುಗಿಬಿದ್ದವು. ಅಂದಿನಿಂದ ಗಂಜಿ ಒಂದು ದಿನವೂ ಎಳೆ ತಪ್ಪಲಿಲ್ಲ. ಸೂಜಿ ಚುಚ್ಚಿಸಿಕೊಂಡ ಮರಿ ಎದ್ದಿತು, ಉಳಿದವಕ್ಕೆ ಭೇದಿ ಬರಲೇ ಇಲ್ಲ.

ಭಾನುವಾರ ಗಾಡಿ ಬಂತು. ಪಾಪಣ್ಣ ಗೂಡಿನ ಬಳಿ ಕುಕ್ಕರಗಾಲಲ್ಲಿ ಕೂತು ಒಂದೊಂದು ಮರಿಯ ಬಾಲ ಎತ್ತಿ ನೋಡಿದ. ಎಲ್ಲ ಒಣಗಿವೆ. ಒಂದು ಅವನ ಪಂಚೆಯನ್ನೇ ಕಚ್ಚಿ ಎಳೆಯಿತು. ಎದ್ದು ಹೋಗಿ ಗಾಡಿಯವನಿಗೆ ಹೇಳಿದ:

"ಹೋಗಪ್ಪ, ನಮ್ಮತ್ಗೆ ಬಿಡಲ್ಲ ಅಂತಾವ್ರೆ."

"ನಾನೆಲ್ಲಿ ಬಾಯಿ ಬಿಟ್ಟೆ?" ಎಂದಳು ದುರುಗಕ್ಕ ಒಳಗಿನಿಂದಲೇ.

ಈಗ ಅತ್ತ ಮಾಡದಕೆರೆಯಿಂದಲೂ ಹಂದಿ ಸಾಕುವವರು ಅವಳನ್ನು ಕೇಳಿಕೊಂಡು ಬರುತ್ತಾರೆ. ಮೊದಲು ತಾನು ಹುಳ ಬೇಯಿಸಿದ ಕತೆಯನ್ನು ನಗುನಗುತ್ತ ಹೇಳುತ್ತಾಳೆ. ಆಮೇಲೆ ಅವರ ಅಂಗೈ ಹಿಡಿದು ಉಜ್ಜಿ ನೋಡುತ್ತಾಳೆ. "ನಿಂದೂ ನನ್ನಂಥದೇ ಕೈ. ಮೊಣಕೈ ಅದ್ದಮ್ಮ" ಎನ್ನುತ್ತಾಳೆ.

ಡೊಳ್ಳಿ ಮತ್ತೆ ಗಬ್ಬ. ಅದರ ಗೂಡಿಗೆ ಒಣಹುಲ್ಲು ಹಾಸುವವನು ಪಾಪಣ್ಣನೇ.