ಅಮರಮ್ಮ ಎಲೆಯಡಿಕೆ ಹಿಡಿಯುವ ಮೊದಲು

ಗುರುಗುಂಟಾದ ಅಮರಮ್ಮನ ಬಾಯಿಂದ ಒಂದು "ಹೂಂ" ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, "ಒಪ್ಪಿಗೇನವಾ?" ಎಂದಾಗಲೂ "ನಾಳೆ ಹೇಳ್ತೀನ್ರೀ" ಎಂದು ಒಳಗೆ ನಡೆದವಳು. ಮನೆಯ ಹಿರಿಯರಿಗೆ ತಲೆ ಎತ್ತಲಾಗಲಿಲ್ಲ. ಮರುದಿನ ಆಕೆ ವರನ ಓಣಿಯ ಬಳೆಗಾರ್ತಿ ಮಕ್ತುಂಬೀಯನ್ನು ಬಸ್‌ ಸ್ಟ್ಯಾಂಡಿನಲ್ಲಿ ಹಿಡಿದು, ಹುಡುಗ ಹೇಗೆಂದು ಕೇಳಿದಳು. "ಬಾಯಿ ಹಗುರ. ಆದ್ರ ಕುರಿ ಮ್ಯಾಲೆ ಸೈತ ಕೈ ಎತ್ತಂಗಿಲ್ಲ" ಎಂದಳು ಮಕ್ತುಂಬೀ. ಹಾಗೆ ಬಸ್ಸಪ್ಪ ಗಂಡನಾದ.

ಬಾಯಿ ಹಗುರ ಎಂಬುದು ಅಪ್ಪಟ ಖರೇ. ಎದುರಿನವರ ಮಾತು ಮುಗಿಯುವ ಮೊದಲೇ ಬಸ್ಸಪ್ಪ ಹೂಂ ಅಂದಿರುತ್ತಾನೆ. ಅಮರಮ್ಮನಿಗೋ ಒಂದೇ ಶಾಸ್ತ್ರ: "ಲಾಭ ಇದ್ದೋರ ಮಾತು ಕೇಳು, ಲಾಭ ಇಲ್ದೋರದೂ ಒಂದ್ ಮಾತು ಕೇಳು." ಊರವರು ಆಕೆಯನ್ನು "ಹೈಕೋರ್ಟ್" ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಆಡಿಕೊಂಡವರೇ ಹೋರಿ ಕೊಳ್ಳುವಾಗ ಆಕೆಯನ್ನು ಕರೆದೊಯ್ಯುತ್ತಾರೆ.

ಈ ಸಲವೂ ಸುಗ್ಗಿ ಮುಗಿಯುತ್ತಲೇ ಗಂಡ ಹೆಂಡತಿ ಕುರಿ ಹೊಡೆದುಕೊಂಡು ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ ದಢೇಸುಗೂರಿನ ಕಾಲುವೆ ದಂಡೆಗೆ ಬಂದರು. ಕೊಯ್ದ ಗದ್ದೆಯಲ್ಲಿ ಕುರಿ ಮೇಯಬೇಕು, ರಾತ್ರಿ ಅಲ್ಲೇ ಮಲಗಿ ನೆಲಕ್ಕೆ ಗೊಬ್ಬರ ಕೊಡಬೇಕು. ಅದಕ್ಕೆ ಗದ್ದೆಯವರು ಭತ್ತ ಅಳೆಯುತ್ತಾರೆ. ಗದ್ದೆಯವರು ಕೊಟ್ಟ ಎಲೆಯಡಿಕೆ ಕುರಿಯವರ ಕೈಗೆ ಬಂತೆಂದರೆ ಮಾತು ಮುಗಿಯಿತು. ಆಮೇಲೆ ಹಿಂದೆ ಸರಿದವರನ್ನು ಕಾಲುವೆ ಸೀಮೆಯಲ್ಲಿ ಯಾರೂ ಕರೆಯುವುದಿಲ್ಲ.

ವೆಂಕೋಬ ಸಿಂಧನೂರಿನಿಂದ ಬೈಕಿನಲ್ಲಿ ಬಂದ. ಗದ್ದೆ ಅವನದು, ನೋಡಿಕೊಳ್ಳುವವನು ಅಂಬಪ್ಪ. ಕೊಯ್ದ ಬುಡಗಳಲ್ಲಿ ಹಸಿರು ಚಿಗುರು ತುಂಬಿತ್ತು. "ಈಗಿಂದೀಗ ಇಳಸು ಬಸ್ಸಪ್ಪ. ಮುದಗಲ್ಲಿನವರ ಹಿಂಡು ಹಿಂದ ಬರಾಕತ್ತೈತಿ" ಎಂದು ಎಲೆಯಡಿಕೆ ಚಾಚಿದ. ಬಸ್ಸಪ್ಪನ ಕೈ ಆಗಲೇ ಮುಂದೆ ಹೋಗಿತ್ತು.

"ತಡೀರಿ. ಒಡ್ಡು ಒಂದ್ ಸುತ್ತು ತಿರುಗಿ ಬರ್ತೀನಿ" ಎಂದಳು ಅಮರಮ್ಮ.

ವೆಂಕೋಬನ ಮುಖ ಗಂಟಾಯಿತು. ಬಸ್ಸಪ್ಪ ಹಲ್ಲು ಕಚ್ಚಿ, "ಮಂದಿ ಮುಂದ ಮಾನ ತಗೀಬ್ಯಾಡ ಮಾರಾಯ್ತಿ! ಕುರಿ ಹಸದು ಒದ್ದಾಡಾಕತ್ತಾವು" ಎಂದ.

"ಮುಂದಿನ ಟಗರು ಹಿಡಕೊಂಡು ನಿಂದ್ರು. ಅದು ಇಳೀತಂದ್ರ ಯಾವುದೂ ನಿಲ್ಲಂಗಿಲ್ಲ."

ಹಾಗೆಂದು ಹೊರಟಳೇ ಹೊರತು ಆಕೆಗೂ ಅಳುಕಿತ್ತು. ಗದ್ದೆ ಮುದಗಲ್ಲಿನವರ ಪಾಲಾದರೆ? ಹೊಟ್ಟೆಯಲ್ಲಿ ಮರಿ ಹೊತ್ತ ಕುರಿಗಳನ್ನು ಇನ್ನೆಷ್ಟು ದೂರ ನಡೆಸುವುದು? ತನ್ನ ಹಟದ ಮೇಲೆ ತನಗೇ ಸಿಟ್ಟು ಬಂತು.

ಆಚೆ ಬದಿಯಲ್ಲಿ ರಾಜಾಬೀ ಎಂಬ ಹೆಂಗಸು ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ಒಡ್ಡಿನ ತುಂಬ ಎಳೆ ಹುಲ್ಲಿದ್ದರೂ ಅದನ್ನು ಬಿಟ್ಟು ಕಾಲುವೆ ಬದಿಯ ಒರಟು ಹುಲ್ಲಿಗೆ ಕುಡುಗೋಲು ಹಾಕಿದ್ದಳು.

"ಇಲ್ಲಿ ಇಷ್ಟು ಹಸರೈತಿ. ಅಲ್ಯಾಕ ಕೊಯ್ಯಾಕತ್ತೀಯವ್ವಾ?"

"ಅಯ್ಯ, ನಿನ್ನಿ ಸಂಜೀಕ ಗದ್ದಿಗೆ, ಒಡ್ಡಿಗೆ ಎಲ್ಲಾ ಕಳೆ ಔಷಧ ಹೊಡದಾರ. ನನಗಿರೋದು ಒಂದ ಎಮ್ಮಿ."

ಅಮರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. "ಇಳಸಬ್ಯಾಡ! ವಿಷ ಹೊಡದಾರ!" ಎಂಬ ಕೂಗಿಗೆ ಬಸ್ಸಪ್ಪ ಟಗರಿನ ಕೊಂಬನ್ನು ಎರಡೂ ಕೈಯಿಂದ ಹಿಡಿದು ಕುಸಿದು ಕೂತ. ವೆಂಕೋಬ ನಂಬಲಿಲ್ಲ. ಅಂಬಪ್ಪನಿಗೆ ಫೋನು ಹಚ್ಚಿದ. "ಹ್ವಾದ ವಾರ ನೀವ ಹೇಳಿದ್ರಲ್ರೀ, ನಿನ್ನಿ ಹೊಡದೀನಿ" ಎಂಬ ದನಿ ಎಲ್ಲರಿಗೂ ಕೇಳಿಸಿತು.

"ನಾನ ಹೇಳಿ ನಾನ ಮರತೀನಿ ತಾಯಿ. ಎಂಥಾ ಪಾಪ ಕಟ್ಕೋತಿದ್ದೆ" ಎಂದ ವೆಂಕೋಬ, ಬೆವರು ಒರೆಸಿಕೊಳ್ಳುತ್ತ.

ಕಾಲುವೆಯಾಚೆ ಅವನದೇ ಇನ್ನೊಂದು ಗದ್ದೆಯಿತ್ತು. ಅಲ್ಲಿಯೂ ಅಮರಮ್ಮ ಒಡ್ಡು ಸುತ್ತಿದಳು, ಪಕ್ಕದ ಗದ್ದೆಯವರನ್ನು ಕೇಳಿದಳು. ಈ ಸಲ ವೆಂಕೋಬ ತಾನೂ ಆಕೆಯ ಹಿಂದೆಯೇ ಸುತ್ತಿದ. ಎಲೆಯಡಿಕೆ ಕೈ ಬದಲಾಯಿತು, ಟಗರು ಇಳಿಯಿತು, ಅದರ ಹಿಂದೆ ಇಡೀ ಹಿಂಡು. ಕುರಿಗಳು ಚಿಗುರು ಹರಿದು ತಿನ್ನುವ ಸದ್ದು ಕೇಳುತ್ತ ಅಮರಮ್ಮನಿಗೆ ಜೀವ ಬಂದ ಹಾಗಾಯಿತು.

ಬಸ್ಸಪ್ಪ ಮಾತ್ರ ಒಡ್ಡಿನ ಮೇಲೆಯೇ ಕೂತಿದ್ದ. ಆಕೆ ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟಳು. ಅವನು ಹಿಡಿದನೇ ವಿನಾ ಮುರಿಯಲಿಲ್ಲ.

"ನಾ ಒಬ್ಬನ ಇದ್ದಿದ್ರ..." ಎಂದ. ಕಾಲುವೆಯಾಚೆಯ ಆ ಮೊದಲ ಗದ್ದೆಯ ಕಡೆ ನೋಡಿದ.

ಅಮರಮ್ಮ ಅವನ ಪಕ್ಕದಲ್ಲಿ ಕೂತಳು.

"ಒಬ್ಬನ ಎಲ್ಲಿದ್ದಿ?" ಎಂದಳು. "ಉಣ್ಣು."